ಶ್ರೀವಾಣಿ ಅನ್ನೋ ಫೋಲ್ಡರ್

ಹೊಸಪೇಟೆ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಗಂಡನ ತೊಡೆಯ ಮೇಲೆ ಲ್ಯಾಪ್‌ಟಾಪ್ ಇತ್ತು.

"ನೀರಜಾ, ಹಂಪಿ ಗೆಸ್ಟ್ ಹೌಸಿನ ಬುಕಿಂಗ್ ಸೈಟ್ ನಿಂತದ. ಕ್ಲಾಸ್ ಅನ್ನೋ ಕೋಡಿನ ಭಾಗ ಸಿಗವಲ್ದು ಅಂತ ಎರರ್ ತೋರಸ್ತದ."

"ಏನು ಬದಲಾಯಿಸಿದ್ರಿ?"

"ಫೋಲ್ಡರಿನ ಹೆಸರು."

"ಶ್ರೀವಾಣಿ ಅಂತಿದ್ದದ್ದಾ?"

"ಹೂಂ. ದಿನಾ ಕೆಲಸಕ್ಕ ಕೂತಾಗ ಕಣ್ಣಿಗೆ ಬೀಳ್ತಿತ್ತು. ತಡಕೊಳ್ಳಲಿಕ್ಕೆ ಆಗ್ಲಿಲ್ಲ ನನಗ."

"ಫೋಲ್ಡರ್ ಒಂದು ಬದಲಾದ್ರ ಸಾಲಂಗಿಲ್ರಿ. ಎಲ್ಲಾ ಫೈಲಿನ ಮ್ಯಾಲೂ ನೇಮ್‌ಸ್ಪೇಸ್ ಅಂತ, ಮನೆತನದ ಹೆಸರಿನಂಗ, ಅಕೀ ಹೆಸರೇ ಅದ. ಎರಡೂ ಹೊಂದ್ಲಿಲ್ಲಾಂದ್ರ ಪ್ರೋಗ್ರಾಮಿಗೆ ಕ್ಲಾಸ್ ಸಿಗಂಗಿಲ್ಲ."

"ಹಂಗಾರ ಎಲ್ಲಾ ಫೈಲಿನಾಗೂ ಅಳಿಸ್ಲಾ?"

ಅವಳು ಕೀಬೋರ್ಡಿನ ಮೇಲಿದ್ದ ಅವನ ಕೈಯನ್ನು ತಡೆದಳು.

"ಹೊಟ್ಯಾಗಿದ್ದಾಗ ಇಬ್ರೂ ಕೂತು ಆರಿಸಿದ ಹೆಸರು. ಕೂಸು ಉಳೀಲಿಲ್ಲ, ತೊಟ್ಲಿಗೆ ಹಾಕಿ ಕರೀಲಿಕ್ಕೂ ಆಗ್ಲಿಲ್ಲ. ಆ ಹೆಸರು ಅಲ್ಲ್ಯಾದ್ರೂ ಇರ್ಲಿ ಬಿಡ್ರಿ."

"ನನಗ ಅದನ್ನ ನೋಡ್ಲಿಕ್ಕಾಗಂಗಿಲ್ಲ, ನೀರಜಾ."

"ಫೋಲ್ಡರಿಗೆ ಹಳೇ ಹೆಸರು ಹಾಕಿ ಕೊಡ್ರಿ. ಇನ್ಮ್ಯಾಲೆ ಆ ಸೈಟಿನ ಕೆಲಸ ನಾನು ನೋಡ್ಕೋತೀನಿ."

ಅವನು ನಿಧಾನವಾಗಿ ಟೈಪ್ ಮಾಡಿದ.

"ಸೈಟ್ ಬಂತೇನ್ರಿ?"

"ಬಂತು."

ಟಿ.ಬಿ. ಡ್ಯಾಂ ಬಸ್ಸು ಬಂದು ನಿಂತಾಗ ಇಬ್ಬರೂ ಎದ್ದರು. ಅವನು ಮುಖ ಅತ್ತ ತಿರುಗಿಸಿಕೊಂಡೇ ಲ್ಯಾಪ್‌ಟಾಪನ್ನು ಅವಳ ಕೈಗೆ ಕೊಟ್ಟ.