ಓನರ್ ಗಾಡೀಲಿ ಕೂತವ್ರೆ

ಕಾರಿರೋ ಮನುಷ್ಯ ರಾತ್ರಿ ಹನ್ನೊಂದೂವರೆಗೆ ನಡ್ಕೊಂಡು ಬಂದ್ರೆ ಯಾರಿಗಾದ್ರೂ ಅನುಮಾನ ಬರುತ್ತೆ. ನನಗೂ ಬಂತು.

ಹೋದ ವರ್ಷ, ಕಾರ್ತಿಕ ಮಾಸ. ಗುಬ್ಬಿ ರೋಡಿಂದ ನಮ್ಮೂರಿಗೆ ಒಂದೂವರೆ ಕಿಲೋಮೀಟರು ಒಳಗೆ ಬರಬೇಕು. ನಡುವೆ ಒಂದು ಹಳೇ ಬಾವಿ, ಬಾವಿ ಪಕ್ಕ ಆಲದ ಮರ. ಹಗಲೊತ್ತು ಕುರಿ ಕಾಯೋರು ಅಲ್ಲೇ ಟವೆಲ್ ಹಾಸ್ಕೊಂಡು ಮಲಗ್ತಾರೆ, ಅಂಥ ಭಯದ ಜಾಗ ಏನಲ್ಲ. ನಾನು ಜಗಲಿ ಮೇಲೆ ಕೂತು ಫೋನ್ ನೋಡ್ತಿದ್ದೆ. ಮೊದಲು ಕಾಲೆಳೆಯೋ ಸದ್ದು ಕೇಳಿಸ್ತು... ಚರ್... ಚರ್... ಆಮೇಲೆ ಗೇಟಿನ ಚಿಲಕ, ಕಿಣ್ ಅಂತ. ನೋಡಿದ್ರೆ ನಮ್ಮ ದೊಡ್ಡಪ್ಪನ ಮಗ ಗುರುಪ್ರಕಾಶ. ಒಂದೇ ಕಾಲಲ್ಲಿ ಚಪ್ಪಲಿ. ಕೈಯಲ್ಲಿ ಕಾರಿನ ಕೀ.

“ಗಾಡಿ ಎಲ್ಲೋ?”

“ಆಲದ್ ಮರದತ್ರ...”

“ಕೆಟ್ಟೋಯ್ತಾ?”

ಇಲ್ಲ ಅಂತ ತಲೆ ಅಲ್ಲಾಡಿಸಿದ. ನನ್ನ ಕಿವಿ ಹತ್ತಿರ ಬಂದು ಪಿಸುಗುಟ್ಟಿದ.

“ಕೂತವ್ಳೆ.”

ಯಾರು ಅಂತ ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. ಅವಳನ್ನ ಆ ಗಾಡೀಲಿ ಕೂರಿಸಿದ್ದೇ ನಾನು. ಹೇಗೆ ಅಂತ ಮೊದಲಿಂದ ಹೇಳ್ತೀನಿ.

ಅವನ ಹೆಂಡತಿ ರೂಪಶ್ರೀ, ಕುಣಿಗಲ್ಲಿನ ಒಂದು ಕಾಲೇಜಲ್ಲಿ ಲೆಕ್ಚರರ್ ಆಗಿದ್ದಳು. ಮನೆ ತುಮಕೂರಲ್ಲಿ, ಬಟವಾಡಿ. ದಿನಾ ಬಸ್ಸಲ್ಲಿ ಜೋತಾಡಿ ಸಾಕಾಗಿ, ತನ್ನ ಸಂಬಳದಲ್ಲಿ, ತನ್ನ ಹೆಸರಲ್ಲಿ ಒಂದು ಕೆಂಪು ಕಾರು ತಗೊಂಡಳು. ಆಳು ಕುಳ್ಳು. ಸೀಟನ್ನ ಪೂರ್ತಿ ಮುಂದಕ್ಕೆ ಎಳ್ಕೊಂಡು, ಸ್ಟೀರಿಂಗಿಗೆ ಗಲ್ಲ ತಾಗೋ ಹಾಗೆ ಕೂತು ಓಡಿಸೋಳು. ನಾವೆಲ್ಲ ರೇಗಿಸ್ತಿದ್ವಿ. ಅವಳೂ ನಗೋಳು. ಆದ್ರೆ ಗುರುಪ್ರಕಾಶ ಜೊತೆಗಿದ್ದ ಅಂದ್ರೆ ಕೀ ಅವನ ಕೈಗೇ ಹೋಗಬೇಕು. ಹೆಂಗಸರು ಓಡಿಸೋ ಗಾಡೀಲಿ ನಾನು ಕೂರಲ್ಲ ಅಂತ ನಾಲ್ಕು ಜನರ ಎದುರಿಗೇ ಅನ್ನೋನು. ಅವಳು ಸುಮ್ಮನೆ ಹೋಗಿ ಎಡಗಡೆ ಸೀಟಲ್ಲಿ ಕೂರೋಳು. ತನ್ನ ಗಾಡೀಲಿ ತಾನೇ ಪ್ಯಾಸೆಂಜರು.

ಆಷಾಢದಲ್ಲಿ ಒಂದು ಸಂಜೆ, ಹೆಬ್ಬೂರು ದಾಟಿದ ಮೇಲೆ, ಇವನು ಫೋನಲ್ಲಿ ಮಾತಾಡ್ತಾ ಓಡಿಸಿ ರೋಡ್ ಪಕ್ಕ ನಿಂತಿದ್ದ ಟಿಪ್ಪರಿಗೆ ಹಿಂದಿನಿಂದ ನುಗ್ಗಿಸಿದ. ಎಡಗಡೆ ಪೂರ್ತಿ ಅಪ್ಪಚ್ಚಿ. ಇವನಿಗೆ ಮೊಣಕೈ ತರಚಿತ್ತು. ಅಷ್ಟೇ.

ಅವಳು ಆಸ್ಪತ್ರೇಲಿದ್ದಾಗಲೇ ಇನ್ಶೂರೆನ್ಸಿನವರು ಟೋಟಲ್ ಲಾಸ್ ಅಂತ ಬರೆದರು. ರಿಪೇರಿಗೆ ಆಗೋ ಖರ್ಚು ಗಾಡಿ ಬೆಲೇನ ಮುಟ್ತಿತ್ತು. ಗಾಡಿ ಅವರಿಗೇ ಬಿಟ್ಟುಕೊಟ್ಟು ಪೂರ್ತಿ ಕ್ಲೈಮ್ ತಗೋಬಹುದು. ಇಲ್ಲ, ಗುಜರಿ ಬೆಲೆ ಕಳೆದು ಉಳಿದದ್ದು ತಗೊಂಡು ಗಾಡಿ ನಾವೇ ಇಟ್ಕೋಬಹುದು. ಆಗ ಹಳೇ ಆರ್‌ಸಿ ರದ್ದು. ಮತ್ತೆ ರೋಡಿಗೆ ಇಳಿಸಬೇಕಂದ್ರೆ ರಿಪೇರಿ ಮಾಡಿಸಿ, ಇನ್ಸ್‌ಪೆಕ್ಷನ್ ಮಾಡಿಸಿ, ಹೊಸದಾಗಿ ರಿಜಿಸ್ಟರ್ ಮಾಡಿಸಬೇಕು. ಆ ಕಾಗದ ಹಿಡ್ಕೊಂಡು ಅವನು ಆಸ್ಪತ್ರೆಗೆ ಹೋದಾಗ ನಾನೂ ಜೊತೆಗಿದ್ದೆ.

“ಕೊಡ್ಬೇಡಿ...” ಅಂದಳು. ಒಂದೊಂದು ಮಾತಿಗೂ ಉಸಿರು ತಗೋಬೇಕಿತ್ತು. “ನನ್ ಗಾಡಿ... ನನ್ ಹೆಸ್ರಲ್ಲೇ ಇರ್ಲಿ. ಎದ್ಮೇಲೆ ನಾನೇ ಓಡಿಸ್ತೀನಿ.”

“ಆಯ್ತು ಕಣೇ, ಸೈನ್ ಹಾಕು” ಅಂದ ಇವನು.

ಹಾಕಿದಳು. ನಲವತ್ತೊಂದನೇ ದಿನ ಹೋದಳು.

ನಮ್ಮಲ್ಲಿ ಸುಡೋದಿಲ್ಲ, ಕೂರಿಸಿ ಮಣ್ಣು ಮಾಡ್ತೀವಿ. ತೆಂಗಿನ ತೋಟದಲ್ಲಿ ತೆಗೆದಿದ್ದ ಗುಂಡಿಗಿಳಿದು, ಭುಜ ಹಿಡಿದು, ಅಂಗೈಲಿ ಲಿಂಗ ಇಟ್ಟು ಅವಳನ್ನ ಕೂರಿಸಿದವನು ನಾನು. ಅವಳ ತಾಯಿ ಬಸವಲಿಂಗಮ್ಮ ಮೇಲೆ ನಿಂತು, “ಮೆತ್ತುಗ್ ಕೂರ್ಸಪ್ಪಾ, ಸೊಂಟ ನೋವು ಅವಳ್ಗೆ” ಅಂದರು. ಲಿಂಗೈಕ್ಯ ಆದವರು ತಿರುಗಿ ಬರೋದಿಲ್ಲ ಅಂತ ಅಯ್ನೋರು ಸಮಾಧಾನ ಹೇಳಿದರು. ನಾನೂ ಅದನ್ನೇ ನಂಬಿದ್ದೆ.

ತಿಂಗಳು ತುಂಬೋ ಮೊದಲೇ ಗಾಡಿ ಶಿರಾ ಗೇಟ್ ಹತ್ತಿರದ ಒಂದು ಗ್ಯಾರೇಜಿಗೆ ಹೋಯ್ತು. ಅವಳ ನೆನಪಿಗೆ ಇಟ್ಕೊಳ್ತಾನೇನೋ ಅಂದ್ಕೊಂಡಿದ್ದೆ, ಪೆದ್ದ ನಾನು. ಕುಣಿಗಲ್ಲಲ್ಲಿ ಆಗಲೇ ಕೊಳ್ಳೋಕೆ ಒಬ್ಬ ಪಾರ್ಟಿ ನೋಡಿಟ್ಟಿದ್ದ. ಹೊಸ ಆರ್‌ಸಿ ಕೈಗೆ ಬಂದ ದಿನವೇ ಗಾಡಿ ಆ ಪಾರ್ಟಿಗೆ ಅಂತ ಮಾತಾಗಿತ್ತು. ನನಗೆ ಹೊಟ್ಟೆ ಉರೀತು. ಆದ್ರೂ ಬಾಯಿ ಬಿಡಲಿಲ್ಲ.

ಆರ್‌ಟಿಓ ಕೆಲಸಕ್ಕೆ ಏಜೆಂಟ್ ಹನುಮಂತರಾಜು ಅಂತ ಒಬ್ಬ ಸಿಕ್ಕಿದ್ದ.

“ಓನರ್ ಸತ್ತವ್ರೆ ಅಂತ ಬರುದ್ರೆ ಡೆತ್ ಸರ್ಟಿಫಿಕೇಟು, ವಂಶವೃಕ್ಷ, ಅಫಿಡವಿಟ್ಟು... ಆರ್ ತಿಂಗ್ಳಾಯ್ತದೆ. ಸೈನ್ ನಾನ್ ಹಾಕ್ತೀನಿ. ಇನ್ನೊಂದ್ ತಿಂಗ್ಳು ಬದ್ಕಿರ್ಲಿ ಬುಡಿ ಸಾರ್.”

ಗುರುಪ್ರಕಾಶ ನಕ್ಕ. ನಕ್ಕು, ಮೂರು ಟೀ ಹೇಳಿದ. ನಾನೂ ಕುಡಿದೆ.

ಇನ್ಸ್‌ಪೆಕ್ಷನ್ ಯಾವ ಆಫೀಸಲ್ಲಿ ಅಂತ ಹೇಳಲ್ಲ, ಬೇಡ. ಹಗಲು ಹನ್ನೊಂದು ಗಂಟೆ. ನೆತ್ತಿ ಸುಡೋ ಬಿಸಿಲು. ಮೈದಾನದಲ್ಲಿ ಸಾಲಾಗಿ ಗಾಡಿಗಳು. ನಮ್ಮದು ಬೇವಿನ ಮರದ ಕೆಳಗಿತ್ತು, ಗ್ಲಾಸು ಏರಿಸಿ ಡೋರ್ ಹಾಕಿದ್ವಿ. ಬಾನೆಟ್ ಎತ್ತಿ ಚಾಸಿಸ್ ನಂಬರ್ ಮೇಲೆ ಬಿಳಿ ಕಾಗದ ಇಟ್ಟು ಹನುಮಂತರಾಜು ಪೆನ್ಸಿಲ್ ಉಜ್ಜಿದ. ಪರ್... ಪರ್... ನಂಬರು ಕಾಗದದ ಮೇಲೆ ಮೂಡ್ತು. ಇನ್ಸ್‌ಪೆಕ್ಟರ್ ಸಾಹೇಬರು ಹೋಲಿಸಿ ನೋಡಿ ತಲೆ ಆಡಿಸಿದರು. ಒಳ್ಳೇ ಮನುಷ್ಯ, ವಯಸ್ಸಾದವರು.

“ಓನರ್ ಎಲ್ಲಿ?” ಅಂದರು.

ಏಜೆಂಟು ಗುರುಪ್ರಕಾಶನ ಮುಖ ನೋಡಿದ, ಅವನು ನನ್ನ ಮುಖ ನೋಡಿದ. ಅಷ್ಟು ದಿನ ಬಾಯಿ ಮುಚ್ಕೊಂಡಿದ್ದ ನನಗೆ ಅವತ್ತೇ ಯಾಕೆ ಮಾತು ಬಂತೋ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

“ಗಾಡೀಲಿ ಕೂತವ್ರೆ ಸಾರ್. ಕಾಲಿಗೆ ಏಟಾಗೈತೆ, ಇಳಿಯಕ್ಕಾಗಲ್ಲ.”

ಸಾಹೇಬರು ಗಾಡಿ ಹತ್ತಿರ ಹೋದರು. ಎಡಗಡೆ ಬಾಗಿಲ ಹತ್ತಿರ ಬಗ್ಗಿದರು. ಮುಗೀತು ನಮ್ಮ ಕತೆ ಅಂದ್ಕೊಂಡೆ.

ಬಗ್ಗಿಯೇ ಇದ್ದರು... ಏನೋ ಕೇಳಿದರು. ತಲೆ ಆಡಿಸಿದರು. ಮತ್ತೆ ಏನೋ ಹೇಳಿದರು. ವಾಪಸ್ ಬಂದು, ಕಾಗದದ ಮೇಲೆ ಮಾಲೀಕರು ಹಾಜರು ಅಂತ ಬರೆದು ಸೈನ್ ಮಾಡಿದರು.

“ಪಾಪ, ದನೀನೇ ಇಲ್ಲ ಅವರಿಗೆ,” ಅಂದರು. “ಒಂದೇ ಮಾತು ಕೇಳಿದ್ರು. ಕೀ ಯಾರತ್ರ ಇದೆ ಅಂತ.”

ಸಾಹೇಬರು ನಮಗೆ ಅನುಕೂಲ ಮಾಡಿಕೊಟ್ಟರು ಅಂತ ಹನುಮಂತರಾಜು ಹಲ್ಲು ಕಿರಿದ. ಆದ್ರೆ ಹೊರಡುವಾಗ ಮುಂದೆ ಕೂರೋಕೆ ಹೋದವನು ಬಾಗಿಲು ತೆಗೆದು ಹಾಗೇ ನಿಂತ. “ನಾನ್ ಆಟೋದಲ್ ಬತ್ತೀನಿ ಬುಡಿ” ಅಂದ. ನಾನು ಹಿಂದಿನ ಸೀಟಲ್ಲಿ ಕೂತೆ. ಗಾಡಿ ಹೊರಟ ತಕ್ಷಣ ಶುರುವಾಯ್ತು. ಟಿಂಗ್... ಟಿಂಗ್... ಟಿಂಗ್... ಎಡಗಡೆ ಕೂತವರು ಬೆಲ್ಟ್ ಹಾಕಿಲ್ಲ ಅಂತ ಗಾಡಿ ಬಡ್ಕೊಳ್ಳೋ ಸದ್ದು.

“ಸೆನ್ಸರ್ ಹೋಗೈತೆ,” ಅಂದ ಗುರುಪ್ರಕಾಶ. ಕಿವಿ ಮೇಲಿಂದ ಬೆವರು ಇಳೀತಿತ್ತು.

ನಾನು ಹಿಂದಿನಿಂದ ಕೈ ಚಾಚಿ, ಖಾಲಿ ಸೀಟಿನ ಬೆಲ್ಟ್ ಎಳೆದು ಸಿಕ್ಕಿಸಿದೆ. ಚಕ್. ಸದ್ದು ನಿಂತಿತು. ಆದ್ರೆ ಬೆಲ್ಟು ಸೀಟಿಗೆ ಅಂಟಿ ಕೂರಲಿಲ್ಲ. ಸೀಟಿಂದ ಒಂದು ಗೇಣು ಮುಂದೆ ಗಾಳೀಲಿ ನಿಂತಿತ್ತು... ಬಟವಾಡಿ ತಲುಪೋವರೆಗೂ ಹಾಗೇ ನಿಂತಿತ್ತು. ಇಬ್ಬರೂ ನೋಡಿದ್ವಿ.

ಇದಾದ ಮೂರನೇ ದಿನವೇ ಅವನು ಒಂದು ಚಪ್ಪಲೀಲಿ ನಡ್ಕೊಂಡು ಬಂದ ರಾತ್ರಿ. ಚೊಂಬು ನೀರು ಒಂದೇ ಉಸಿರಿಗೆ ಕುಡಿದ. ಆಮೇಲೆ ಹೇಳಿದ.

“ಬಾವಿ ಹತ್ರ ಬಂದೆ ಕಣೋ... ನನ್ ಸೀಟು ತಾನೇ ಮುಂದುಕ್ ಜರುಗ್ತು. ಕಟಕ್... ಕಟಕ್... ಕಟಕ್... ಮಂಡಿ ಹೋಗಿ ಸ್ಟೀರಿಂಗಿಗ್ ಸಿಕ್ಕಾಕೊಂತು. ಹೆಂಗೋ ನಿಲ್ಸಿ ಇಳ್ದೆ. ಇಳ್ದಿದ್ದೇ ತಡ, ಡೋರು ಧಪ್ ಅಂತ ಮುಚ್ಕೊಂತು. ಲಾಕಾಯ್ತು.”

“ಎಡಗಡೆ ಕೂತಿದ್ಳಾ?”

“ಇಲ್ಲ...” ಅಂದ. ಖಾಲಿ ಚೊಂಬನ್ನ ಕೆಳಗಿಟ್ಟ. “ಬಲಗಡೆ.”

ಬೆಳಗ್ಗೆ ಟ್ರ್ಯಾಕ್ಟರ್ ಕಟ್ಟಿ ಗಾಡೀನ ನಮ್ಮ ಕಣಕ್ಕೆ ಎಳ್ಕೊಂಡು ಬಂದ್ವಿ. ಡ್ರೈವರ್ ಸೀಟು ಪೂರ್ತಿ ಮುಂದಕ್ಕಿತ್ತು. ಗ್ಯಾರೇಜಿನವನು ಬಂದು ನೋಡಿ, ಕೆಳಗೆ ಏನೂ ಸಿಕ್ಕಿಕೊಂಡಿಲ್ಲ, ಆದ್ರೂ ಹಿಂದಕ್ಕೆ ಹೋಗ್ತಿಲ್ಲ ಅಂದ.

ಇಷ್ಟಾದ್ಮೇಲಾದ್ರೂ ಬುದ್ಧಿ ಬಂತಾ ಅವನಿಗೆ? ಇಲ್ಲ. ಸೀಟು ಒಂಚೂರು ಟೈಟಿದೆ ಅಂತ ಕುಣಿಗಲ್ ಪಾರ್ಟಿಗೆ ಫೋನ್ ಮಾಡಿದ. ಪೋಸ್ಟಲ್ಲಿ ಬರೋ ಆರ್‌ಸಿಗೆ ದಿನಾ ಕಾದ. ಒಬ್ಬನೇ ಮಲಗೋಕೆ ಹೆದರಿ ನನ್ನನ್ನೂ ಬಟವಾಡಿ ಮನೆಗೆ ಕರ್ಕೊಂಡು ಹೋದ. ಹದಿನೈದು ದಿನ ಆಯ್ತು, ಇಪ್ಪತ್ತಾಯ್ತು, ಕಾರ್ಡು ಬರಲಿಲ್ಲ. ಏಜೆಂಟು ಕಂಪ್ಯೂಟರಲ್ಲಿ ನೋಡಿ ಡೆಲಿವರಿ ಆಗಿದೆ ಅಂದ. ಮನೆಯೆಲ್ಲ ತಡಕಾಡಿದ್ವಿ, ದೇವರ ಗೂಡನ್ನೂ ಬಿಡಲಿಲ್ಲ.

“ಡೂಪ್ಲಿಕೇಟ್ ಮಾಡುಸ್ಬೋದು ಸಾರ್,” ಅಂದ ಹನುಮಂತರಾಜು ಫೋನಲ್ಲಿ. ಅವತ್ತು ಅವನ ದನೀಲಿ ನಗು ಇರಲಿಲ್ಲ. “ಆದ್ರೆ ಓನರ್‌ನ ಮತ್ ಕರ್ಕೊಂಬರ್ಬೇಕು. ನಾನಂತೂ ಬರಕಿಲ್ಲ.”

ಕೊನೆಗೆ ಪೋಸ್ಟ್‌ಮ್ಯಾನ್ ಅಣ್ಣಯ್ಯಪ್ಪನವರನ್ನೇ ಬೀದೀಲಿ ಹಿಡಿದು ಕೇಳಿದ್ವಿ. ಆ ಏರಿಯಾಕ್ಕೆ ಅವರು ಹೊಸಬರು. ಯಾರ ಮನೇಲಿ ಯಾರು ಇದ್ದರು, ಯಾರು ಹೋದರು ಅನ್ನೋದು ಅವರಿಗೆ ಗೊತ್ತಿಲ್ಲ.

“ಹೋದ್ ಬುಧವಾರನೇ ಕೊಟ್ನಲ್ಲ ಸಾರ್. ಹೆಸ್ರಿರೋರ್ ಕೈಗೇ ಕೊಟ್ಟಿದೀನಿ.”

“ಬುಧವಾರ ನಾವಿಬ್ರೂ ಊರಿಗೋಗಿದ್ವಿ ಕಣ್ರೀ,” ಅಂದ ಗುರುಪ್ರಕಾಶ. “ಮನೆಗ್ ಬೀಗ ಹಾಕಿತ್ತು.”

“ಇಲ್ಲ ಸಾರ್, ಬಾಗ್ಲು ತೆಗ್ದಿತ್ತು. ಮೇಡಮ್ಮೋರು ಬಂದ್ರು. ಕವರ್ ಇಸ್ಕೊಳೋ ಮುಂಚೆ, ಹೆಸ್ರು ಯಾರ್ದಿದೆ ಒಂಚೂರು ಓದಿ ಅಂದ್ರು. ಓದ್ದೆ. ಸರಿ ಅಂದ್ರು, ಸೈನ್ ಹಾಕುದ್ರು.”

ಗುರುಪ್ರಕಾಶ ಅಲ್ಲೇ ಚರಂಡಿ ಕಲ್ಲಿನ ಮೇಲೆ ಕುಸಿದು ಕೂತ. ಅವತ್ತು ಅತ್ತ. ಹೆಂಡತಿ ಸತ್ತಾಗ ಅಳದವನು ಅವತ್ತು ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತ. ಅಯ್ಯೋ ಅಂತ ನನಗೆ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಗಾಡಿ ಮಾರಾಟ ಅಲ್ಲಿಗೆ ನಿಂತಿತು. ಈಗಲೂ ಅದು ನಮ್ಮ ಕಣದಲ್ಲಿದೆ, ಅವಳ ಹೆಸರಲ್ಲೇ ಇದೆ.

ನೀವು ನಂಬಿ, ಬಿಡಿ. ಕಟ್ಟುಕತೆ ಹೇಳಿ ನನಗೇನಾಗಬೇಕು? ಪೋಸ್ಟ್‌ಮ್ಯಾನ್ ಮೊಬೈಲಲ್ಲಿ ಆ ಸೈನು ನಾನೇ ನೋಡಿದೀನಿ. ಬುಧವಾರ, ಬೆಳಗ್ಗೆ ಹನ್ನೊಂದು ನಲವತ್ತು. ರೂಪಶ್ರೀ ಅಂತ, ಕನ್ನಡದಲ್ಲಿ, ದುಂಡಗೆ.