ಪ್ರಶಸ್ತಿ ಸಮಾರಂಭ ನೋಡುತ್ತಿದ್ದ ಜನ ಎದ್ದು ಹೋದ ಬಗ್ಗೆ ರಜಿಯಾ ಬೇಗಂ ಹೇಳಿಕೆ

ಹೆಸರು ರಜಿಯಾ ಬೇಗಂ, ಗಂಡ ಅಲ್ಲಾಉದ್ದೀನ್, ವಯಸ್ಸು 47 ವರ್ಷ, ಉದ್ಯೋಗ ಬಳೆ ವ್ಯಾಪಾರ, ಸಾ: ಮಾನ್ವಿ, ಜಿಲ್ಲಾ ರಾಯಚೂರು. ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಗಂಡ ಮೊದಲು ಟೆಂಟ್ ಸಿನಿಮಾದಲ್ಲಿ ಕೆಲಸಕ್ಕಿದ್ದರು. ಟಾಂಗಾದಲ್ಲಿ ಕುಳಿತು ಮಲ್ಲಟ, ಚೀಕಲಪರ್ವಿ ಕಡೆಯ ಊರುಗಳಲ್ಲಿ ಮೈಕ್ ಹಿಡಿದು ಪಿಚ್ಚರಿನ ಪ್ರಚಾರ ಮಾಡುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನೂ ಹಿಂದಿನ ಸೀಟಿನಲ್ಲಿ ಕುಳಿತು ಹೋಗುತ್ತಿದ್ದೆ. ಅವರ ಧ್ವನಿ ಕೇಳಿದರೆ ಹೆಂಗಸರು ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. 1981ರಲ್ಲಿ ಮಾಲಕರು ಟೆಂಟ್ ಕಿತ್ತು ಸಿನಿಮಾ ನಿಲ್ಲಿಸಿದರು. ಅಂದಿನಿಂದ ಅವರು ನನ್ನೊಂದಿಗೆ ಬಳೆ ಮಾರುತ್ತಾರೆ. ಮಾತು ಕಡಿಮೆ.

ದಿನಾಂಕ 14-06-1987 ರವಿವಾರ ಸಂಜೆ ಅಕ್ಕಿ ಗಿರಣಿ ಮಾಲಕರಾದ ಮಹಾಂತಯ್ಯನವರ ಅಂಗಳದಲ್ಲಿ ಓಣಿಯ ಜನ ಕೂಡಿ ಟಿ.ವಿ.ಯಲ್ಲಿ ಸಿನಿಮಾ ಪ್ರಶಸ್ತಿ ಸಮಾರಂಭ ನೋಡುತ್ತಿದ್ದೆವು. ಹಮಾಲಿ ಹುಲಿಗೆಪ್ಪ, ಇದೇನ್ರೀ, ಬರೇ ಸೂಟಿನವ್ರು ಕೈ ಕುಲುಕೋದ ತೋರ್ಸಾಕತ್ತಾರ ಎಂದನು. ನಂತರ, ನಮ್ಮ ಟೆಂಟಿನಲ್ಲಿ ತಾಯಿ ಪಾತ್ರದಲ್ಲಿ ನೋಡಿದ್ದ ನಟಿಗೆ ಪ್ರಶಸ್ತಿ ಕೊಟ್ಟರು. ಆಕೆಗೆ ಈಗ ಪೂರಾ ವಯಸ್ಸಾಗಿದೆ. ಮಾತಾಡಲು ಬಾಯಿ ತೆರೆದೊಡನೆ ಟಿ.ವಿ.ಯವರು ಬೇರೊಬ್ಬ ಹೀರೋನನ್ನು ತೋರಿಸಿದರು. ನೆರೆಮನೆಯ ಮಾನಮ್ಮ, ಆಕಿ ಅತ್ರ ಇಡೀ ಟೆಂಟ್ ಅಳ್ತಿತ್ತು, ಎರಡು ಮಾತು ಆಡಾಕ ಬಿಡಲಿಲ್ಲಲ್ಲ ಯವ್ವಾ ಎಂದಳು. ಜನ ಗದ್ದಲ ಮಾಡಿದರು. ಮಹಾಂತಯ್ಯನವರು, ಸುಮ್ಮ ಕೂಡ್ರಿ, ಯಾರನ್ನ ತೋರಿಸ್ಬೇಕಂತ ದಿಲ್ಲಿಯವ್ರಿಗೆ ಗೊತ್ತದ ಎಂದರು.

ಆಗ ನನ್ನ ಗಂಡ ಎದ್ದು, ಅವ್ರು ತೋರಿಸದಿದ್ರ ಬಿಡ್ರಿ, ಆಕಿ ಏನ್ ಮಾಡಿದ್ಲಂತ ನಾ ಹೇಳ್ತೀನಿ ಬರ್ರಿ ಎಂದು ಹೊರಗೆ ಹೋದರು. ಆ ನಟಿಯ ಪಿಚ್ಚರಿನಲ್ಲಿ ಮಗ ಸತ್ತ ಸುದ್ದಿ ತಿಳಿಯದ ತಾಯಿ ಅವನಿಗೆ ರೊಟ್ಟಿ ಬಡಿಯುವ ಸೀನನ್ನು ಮೈಕ್ ಇಲ್ಲದೆ, ಹಳೆಯ ಧ್ವನಿಯಲ್ಲೇ ಹೇಳತೊಡಗಿದರು. ಆ ಧ್ವನಿ ಕೇಳಿ ಆರು ವರ್ಷವಾಗಿತ್ತು. ನಾನು ಅವರ ಹಿಂದೆಯೇ ಹೋಗಿ ಕಟ್ಟೆಯ ಮೇಲೆ ಕುಳಿತೆನು. ಜನ ಒಮ್ಮೆಲೇ ಎದ್ದು ಬೀದಿಗೆ ಬಂದರು. ಆ ನೂಕಾಟದಲ್ಲಿ ಯಾರದೋ ಕಾಲು ವೈರಿಗೆ ಸಿಕ್ಕು ಟಿ.ವಿ. ಕೆಳಗೆ ಬಿದ್ದು ಒಡೆಯಿತು. ನನ್ನ ಗಂಡ ಅದನ್ನು ಮುಟ್ಟಿಲ್ಲ, ಒಡೆಯಿರಿ ಎಂದು ಯಾರಿಗೂ ಹೇಳಿಲ್ಲ.

ಜನರನ್ನು ಎಬ್ಬಿಸಿ ಟಿ.ವಿ. ಒಡೆಸಿದರೆಂಬ ಮಹಾಂತಯ್ಯನವರ ದೂರಿನ ಮೇಲೆ ಇಂದು ಬೆಳಿಗ್ಗೆ ನನ್ನ ಗಂಡನನ್ನು ಠಾಣೆಗೆ ತಂದಿದ್ದಾರೆ. ನಾನು ಇಷ್ಟು ಹೇಳುವಾಗ ಮಹಾಂತಯ್ಯನವರೂ ಇಲ್ಲೇ ಕುಳಿತಿದ್ದರು. ಅವರು ನನ್ನ ಗಂಡನ ಕಡೆ ತಿರುಗಿ, ನಾ ಒಳಗ ಟಿ.ವಿ. ಎತ್ತಾಕತ್ತಿದ್ದೆ, ಕೇಳಿಸಲಿಲ್ಲ, ಕಡೀಗೆ ಆ ತಾಯಿಗೆ ಸುದ್ದಿ ಯಾರು ಹೇಳ್ತಾರ ಎಂದು ಕೇಳಿದರು. ನನ್ನ ಗಂಡ, ಯಾರೂ ಹೇಳೂದಿಲ್ರೀ, ಮಾಡಿದ ರೊಟ್ಟಿ ಹಂಗೇ ಆರಿದ್ರ ತಾಯಿಗೆ ಬ್ಯಾರೆ ಹೇಳಬೇಕೇನ್ರೀ ಎಂದರು. ಮಹಾಂತಯ್ಯನವರು ಎದ್ದು ಪಿ.ಎಸ್.ಐ. ಸಾಹೇಬರ ಮೇಜಿನ ಬಳಿ ಹೋದರು. ಆಮೇಲೆ, ಸಾಹೇಬ್ರ, ನನ್ನ ದೂರು ಏನಿಲ್ಲ, ಇವ್ರನ್ನ ಮನಿಗೆ ಕಳಸ್ರಿ ಎಂದರು.

ನಾನು ಕಂಡದ್ದು, ಕೇಳಿದ್ದು ಇಷ್ಟೇ. ಬರೆದದ್ದನ್ನು ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇದೆ.

ಸ್ಥಳ: ಮಾನ್ವಿ
ದಿನಾಂಕ: 15-06-1987
ರಜಿಯಾ ಬೇಗಂ ಇವರ ಎಡಗೈ ಹೆಬ್ಬೆಟ್ಟಿನ ಗುರುತು