ಬರೇ ಮನಿ ಊಟ

ಗೋಕಾಕದ ದವಾಖಾನೆಯ ಬೆಂಚಿನ ಮೇಲೆ ಕೂತು ಕೂತು ಇಂದ್ರವ್ವನ ಸೊಂಟ ಹಿಡಿದಿತ್ತು. ಪಕ್ಕದಲ್ಲಿ ಎದೆ ನೀವಿಕೊಳ್ಳುತ್ತ ಕೂತವನ ಅಂಗಿಯಿಂದ ಕರಿದ ಗೋಬಿಯ ವಾಸನೆ ಬರುತ್ತಿತ್ತು. ಅವನ ಹೆಂಡತಿ ಮೆಲ್ಲಗೆ ಅಂದಳು:

“ಹೊರಗಿಂದು ತಿಂತಾರೇನು ಅಂತ ಹೋದ ಸಲ ಡಾಕ್ಟರ್ ಕೇಳಿದ್ರು. ಇಲ್ರಿ, ಬರೇ ಮನಿ ಊಟ ಅಂದೆ.”

“ಖರೆ ಐತಲ್ಲ.”

“ಮನ್ಯಾಗಿನ ಎಣ್ಣಿ ನೀವು ದುಡಿಯೂ ಗೋಬಿ ಅಂಗಡೀದಲ್ರೀ?”

“ಮಾಲಕ ಪುಗಸಟ್ಟಿ ಕೊಡ್ತಾನ.”

“ನಾಕ ದಿನ ಗೋಬಿ ಕರದು ಕರ್ರಗಾದ ಮ್ಯಾಲ ಕೊಡ್ತಾನ. ಅದರಾಗ ನಾ ಒಗ್ಗರಣಿ ಹಾಕ್ತೇನಿ. ಇನ್ನ ತರಬ್ಯಾಡ್ರಿ.”

ಅಷ್ಟರಲ್ಲಿ ನರ್ಸ್ ಅವನ ಹೆಸರು ಕೂಗಿದಳು.

“ತರೂದಿಲ್ಲ ಬಿಡು,” ಅಂದ, ಮೊಣಕಾಲಿಗೆ ಕೈಕೊಟ್ಟು ಏಳುತ್ತ. ಒಳಗೆ ಹೋಗುವ ಮುಂಚೆ ಬಾಗಿಲಲ್ಲಿ ತಿರುಗಿದ. “ಆದ್ರ ನಾ ತರದಿದ್ರ ಅಂವ ಚೆಲ್ಲೂದಿಲ್ಲ. ಅದರಾಗ ಇನ್ನೂ ನಾಕ ದಿನ ಗೋಬಿ ಕರಿ ಅಂತಾನ.”